ಬಳೆ ಸದ್ದಿಗೆ ಬರುವ ಕುದುರೆ

ಚಾಮರಾಜನಗರ
೮-೧೧-೧೯೫೪, ಕಾರ್ತಿಕ ಸೋಮವಾರ

ನಲವತ್ತಮೂರು ದಿನದಿಂದ ಹಂಗಳದ ತವರುಮನೆಯಲ್ಲಿರುವ ನನ್ನ ಮನೆಯೊಡತಿ ಶಾಂತಮಲ್ಲಮ್ಮನಿಗೆ, ಶಿವಮಲ್ಲಪ್ಪ ಬರೆಯುವುದು.

ಇದನ್ನು ನೀನೇ ಓದಬೇಕು. ನಿಮ್ಮಣ್ಣ ಗುರುಪಾದಸ್ವಾಮಿಗಳು ಕನ್ನಡಕ ಏರಿಸಿಕೊಂಡು, ಜಗಲಿ ಮೇಲೆ ಕೂತು, ಬೀದಿಗೆಲ್ಲ ಕೇಳುವಂತೆ ಓದಿ ಹೇಳುವ ಕಾಗದ ಇದಲ್ಲ. ಈಗ ಓದುತ್ತಿರುವವರು ಅವರೇ ಆಗಿದ್ದರೆ, ಭಾವನವರೇ, ದಯವಿಟ್ಟು ಇಲ್ಲಿಗೆ ನಿಲ್ಲಿಸಿ ತಂಗಿಯ ಕೈಗೆ ಕೊಟ್ಟುಬಿಡಿ.

ಮೊದಲು ಕ್ಷೇಮ ಸಮಾಚಾರ. ನಾನು ಚೆನ್ನಾಗಿದ್ದೇನೆ. ಕೂಸೂ ಚೆನ್ನಾಗಿದೆ. ಅಕ್ಷರ ಒಂದು ಕಡೆಗೆ ವಾಲಿದ್ದರೆ ಬೇಜಾರು ಮಾಡಿಕೊಳ್ಳಬೇಡ, ಕೂತಿರುವ ಜಾಗ ಅಷ್ಟು ಅನುಕೂಲವಾಗಿಲ್ಲ. ಇದು ಯಾವ ಕಾಗದ ಎಂದು ತಿರುಗಿಸಿ ನೋಡಿದರೆ ನಿನಗೇ ತಿಳಿಯುತ್ತದೆ. ನಮ್ಮ ಮದುವೆಯ ಲಗ್ನಪತ್ರಿಕೆ. ಇನ್ನೂರು ಅಚ್ಚು ಹಾಕಿಸಿ, ಹಂಚಿ ಉಳಿದದ್ದು ಮೂವತ್ತೊಂದು. ಹದಿನೆಂಟು ವರ್ಷವಾದರೂ ಹಿಂಬದಿ ಬೆಳ್ಳಗೇ ಇದೆ. ಕೈಗೆ ಇದೇ ಸಿಕ್ಕಿತು. ಇನ್ನೊಂದು ವಿಷಯ, ಇವತ್ತು ನಾನು ಉಪವಾಸ. ಯಾವ ಕಾಲದಲ್ಲಿ ನೀವು ಕಾರ್ತಿಕ ಸೋಮವಾರ ಹಿಡಿದಿದ್ದಿರಿ ಎಂದು ನೀನು ನಗುತ್ತೀಯ. ಹಿಡಿಯಲಿಲ್ಲ, ಈ ವರ್ಷ ಅದೇ ನನ್ನನ್ನು ಹಿಡಿದುಕೊಂಡಿದೆ.

ನಿನ್ನ ಕಾರ್ಡು ತಲುಪಿ ಹನ್ನೆರಡು ದಿನವಾಯಿತು. ಎರಡೇ ಸಾಲು. "ಕೈ ಕೂಡಿದೆ. ಕೂಸಿನ ವಿಷಯ ಏನು ಮಾಡಿದಿರಿ?" ಪುಣಜನೂರಿನಿಂದ ಹನ್ನೆರಡನೇ ವಯಸ್ಸಿನಲ್ಲಿ ನಡೆದು ಬಂದು ಈ ಊರಿಗೆ ಬಿದ್ದಾಗ ನನ್ನ ಹತ್ತಿರ ನಾಲಿಗೆ ಒಂದು ಬಿಟ್ಟು ಬೇರೆ ಬಂಡವಾಳ ಇರಲಿಲ್ಲ. ಆ ನಾಲಿಗೆಯಿಂದಲೇ ಸಂತೆಯಲ್ಲಿ ದನದ ಹಗ್ಗ ಹಿಡಿದೆ, ಆಮೇಲೆ ದಲ್ಲಾಳಿಯಾದೆ, ಆಮೇಲೆ ಸ್ಟೇಷನ್ ಮುಂದೆ ಮೂರು ಜಟಕಾ ನಿಲ್ಲಿಸಿದೆ. ಅಂಥವನಿಗೆ ಎರಡು ಸಾಲಿಗೆ ಉತ್ತರ ಬರೆಯಲು ಹನ್ನೆರಡು ದಿನ ಬೇಕಾಯಿತು ಎಂದರೆ, ಉತ್ತರ ಎಂಥದ್ದು ಎಂದು ನೀನೇ ಊಹಿಸು.

ಏನು ಮಾಡಿದಿರಿ ಎಂದು ಕೇಳಿದ್ದೀಯ. ಗುರುವಾರ ದನದ ಆಸ್ಪತ್ರೆ ಡಾಕ್ಟರು ಬರುತ್ತಾರೆ. ಕೂಸಿಗೆ ಬೀಜ ತೆಗೆಸುತ್ತೇನೆ. ನೀನು ಹೇಳಿದ ಮಾತೇ ನಡೆಯಲಿ.

ಇಷ್ಟಕ್ಕೆ ನಿಲ್ಲಿಸಿ ಸಹಿ ಹಾಕಬಹುದಾಗಿತ್ತು. ಆದರೆ ಡಾಕ್ಟರು ಒಂದು ಮಾತು ಕೇಳಿದರು. ಆ ಕೆಲಸ ಹಿತ್ತಲಲ್ಲಿ ಆಗುವುದಿಲ್ಲವಂತೆ. ಬಯಲಿನಲ್ಲಿ ಹುಲ್ಲು ಹಾಸಿ, ಹಗ್ಗ ಕಟ್ಟಿ ಮಲಗಿಸಿ ಮಾಡಬೇಕಂತೆ. "ಅಲ್ಲೀವರೆಗೂ ಇದನ್ನು ತರೋರು ಯಾರು? ಮಲಗಿಸೋವರೆಗೂ ತಲೆ ಹತ್ತಿರ ನಿಲ್ಲೋರು ಯಾರು?" ಎಂದರು. ನಾನು ಎದೆ ಮೇಲೆ ಕೈ ಇಟ್ಟು, ನಾನೇ ಎಂದೆ. ಅವರು ನನ್ನ ಮೊಣಕೈ ಮೇಲಿನ ಹಲ್ಲಿನ ಗುರುತು ನೋಡಿದರು. ಹೊರಡುವಾಗ, "ಗುರುವಾರ ಆಗದಿದ್ದರೆ ಬಿಟ್ಟುಬಿಡಿ. ಅದು ಯಾರದಾದರೂ ತಲೆ ಒಡೆದ ಮೇಲೆ ಗುಂಡು ಹೊಡೆಸೋದೊಂದೇ ಉಳಿಯೋದು" ಎಂದರು.

ನಮ್ಮದು ಸಾಲುಮನೆ. ಎರಡು ಕಡೆಯೂ ಗೋಡೆಗೆ ಗೋಡೆ ಅಂಟಿದೆ. ಹಿತ್ತಲಿನಿಂದ ಬೀದಿಗೆ ಬರಬೇಕಾದರೆ ಅಡಿಗೆಮನೆ, ನಡುಮನೆ, ಪಡಸಾಲೆ ದಾಟಿಯೇ ಬರಬೇಕು. ಹೆಣ್ಣು ಕುದುರೆ ಗೌರಿಯನ್ನು ತಂದಾಗ ಹಿತ್ತಲಲ್ಲಿ ಲಾಯ ಕಟ್ಟಿಸಿದೆ. ಜಟಕಾಕ್ಕೆ ಪ್ರತಿ ಸಲ ಕುದುರೆ ಕೊಳ್ಳುವುದೇಕೆ, ಮನೆಯಲ್ಲೇ ಮರಿ ಹಾಕಿಸಿಕೊಳ್ಳೋಣ ಎಂದು ಲೆಕ್ಕ ಹಾಕಿದೆ. ಕುದುರೆ ಒಳಗೆ ಹೋಗುತ್ತದೆಯೇ ಎಂದು ಅಳೆದು ನೋಡಿದೆನೇ ಹೊರತು, ಒಳಗೆ ಹುಟ್ಟುವುದು ಗಂಡಾದರೆ ಹೊರಗೆ ಹೇಗೆ ಬರುತ್ತದೆ ಎಂದು ನೋಡಲಿಲ್ಲ. ಅಳತೆಯಲ್ಲಿ ನಾನು ತಪ್ಪುವುದಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗುವವನು.

ಗೌರಿ ಮರಿ ಹಾಕಿದ ಹನ್ನೊಂದನೇ ದಿನಕ್ಕೆ ಸತ್ತಳು. ಆಕೆಯ ಮರಿ ನಿಲ್ಲಲು ಕಲಿತಿತ್ತು, ತಿನ್ನಲು ಕಲಿತಿರಲಿಲ್ಲ. ನೀನು ಬಟ್ಟೆ ಬತ್ತಿ ಮಾಡಿ ಆಕಳ ಹಾಲಲ್ಲಿ ಅದ್ದಿ ಅದರ ಬಾಯಿಗಿಟ್ಟೆ. ಒಲೆ ಪಕ್ಕದಲ್ಲಿ ಗೋಣಿ ಹಾಸಿ ಮಲಗಿಸಿದೆ. ನಾನು ಅದಕ್ಕೆ ಒಳ್ಳೆ ರಾಜಗಾಂಭೀರ್ಯದ ಹೆಸರೊಂದನ್ನು ಯೋಚಿಸಿ ಮನೆಗೆ ಬರುವಷ್ಟರಲ್ಲಿ ನೀನು ಕೂಸು ಎಂದು ಕರೆದಾಗಿತ್ತು, ಅದು ತಿರುಗಿ ನೋಡಿಯೂ ಆಗಿತ್ತು.

ನಮ್ಮ ಕುದುರೆ ನೋಡಿಕೊಳ್ಳುವ ಮುದ್ದಯ್ಯ ಆಗಲೇ ಹೇಳಿದ. ಮರಿ ಹಿಂಗಾಲ ಮೇಲೆ ಎದ್ದು ನಿನ್ನ ಹೆಗಲ ಮೇಲೆ ಮುಂಗಾಲು ಇಟ್ಟ ದಿನ ಅದು. "ಅವ್ವಾ, ಇದ ಕುದ್ರ ಅಂತ ಸಾಕಿ, ಕೂಸು ಅಂತ ಸಾಕ್ಬೇಡಿ ಕನ. ಇವತ್ತು ಎಗಲ್ ಮ್ಯಾಲ ಕಾಲ್ ಮಡುಗ್ತದ, ನೀವು ನಗ್ತಿದ್ದೀರಿ. ಎರಡೊರ್ಷ ಬುಟ್ಟು ಇದೇ ಕಾಲ್ ಮಡುಗುದ್ರ ನಗಕ ನೀವಿರಕಿಲ್ಲ." ನೀನು, "ಓಗಯ್ಯ ಮುದ್ದಯ್ಯ, ನಿಂಗ ನಾಕ್ ಮಕ್ಳು. ನಂಗ ಇದೊಂದೇ" ಎಂದೆ. ಮುದ್ದಯ್ಯ ಬಕೆಟ್ಟು ಎತ್ತಿಕೊಂಡು ನೀರಿಗೆ ಹೋದ. ಆ ಮಾತಿಗೆ ಮೇಲೆ ಮಾತಾಡುವಷ್ಟು ನಾಲಿಗೆ ನನಗೂ ಇರಲಿಲ್ಲ.

ಆದರೆ ಮುದ್ದಯ್ಯನ ಮಾತನ್ನು ನೀನು ಮರೆಯಲಿಲ್ಲ. ಮಾರನೆಯ ದಿನದಿಂದಲೇ ಹೆಗಲ ಮೇಲೆ ಕಾಲು ಬಂದ್ ಆಯಿತು. ಬಾಯಿ ಹಾಕಿದರೆ ಮೂಗಿನ ಮೇಲೆ ಒಂದೇ ಏಟು, ತಕ್ಷಣ. ಆಮೇಲೆ ಆ ವಿಷಯ ಮುಗಿಯಿತು. ಅಂಗೈಯಿಂದ ಬೆಲ್ಲ ತಿನ್ನಿಸುವುದು ನಿಂತಿತು. ಪ್ರತಿಯೊಂದು ಹೊಸ್ತಿಲ ಮುಂದೆ ನಿಲ್ಲಬೇಕು, ನೀನು ಕೈ ಆಡಿಸಿ ಬಳೆ ಎರಡು ಸಲ ಸದ್ದು ಮಾಡಿದರೆ ಮಾತ್ರ ದಾಟಬೇಕು. ದಿನಕ್ಕೆ ಎರಡು ಸಲ, ನಾಲ್ಕು ಹೊಸ್ತಿಲು, ಎರಡು ವರ್ಷ. ಬೆಳೆದು ಬಾಗಿಲುವಾಡಕ್ಕೆ ತಲೆ ತಗುಲುವ ಹಾಗಾದಾಗಲೂ ಅದು ನಡುಮನೆ ದಾಟುವಾಗ ಒಂದು ಚೊಂಬು ಉರುಳಿಸಿದ್ದಿಲ್ಲ. ನಾನು ಪಡಸಾಲೆಯಲ್ಲಿ ಕಾಲು ಮೇಲೆ ಕಾಲು ಹಾಕಿ ಕೂತು, ಬಂದವರಿಗೆಲ್ಲ, "ನಾನು ಪಳಗಿಸಿದ್ದು, ಹೇಗೆ?" ಎನ್ನುತ್ತಿದ್ದೆ. ನೀನು ಕೇಳಿಸಿಕೊಂಡೂ ಸುಮ್ಮನೆ ಹಗ್ಗ ಹಿಡಿದು ಹೋಗುತ್ತಿದ್ದೆ.

ಈ ವರ್ಷ ಬೇಸಗೆಯಲ್ಲಿ ಅದರ ಕೂಗು ಬದಲಾಯಿತು. ಬೀದಿಯಲ್ಲಿ ಬೆದೆಗೆ ಬಂದ ಹೆಣ್ಣು ಕುದುರೆ ಹೋದರೆ ಹಿತ್ತಲ ಗೋಡೆ ಅದುರುತ್ತಿತ್ತು. ಜಟಕಾದವರಿಗೆಲ್ಲ ಸುದ್ದಿಯಾಯಿತು. ನನಗೆ ಹುಚ್ಚು ಹಿಡಿದದ್ದು ಆಗ. ಗುಂಡ್ಲುಪೇಟೆ, ತೆರಕಣಾಂಬಿ, ನಂಜನಗೂಡಿನವರೆಗೆ ಹೆಣ್ಣು ಕುದುರೆ ಇಟ್ಟವರೆಲ್ಲ ನಮ್ಮ ಬಾಗಿಲಿಗೆ ಬರಬೇಕು, ಶಿವಮಲ್ಲಪ್ಪನವರ ಬೀಜದ ಕುದುರೆ ಎನ್ನಬೇಕು. ಹುಲ್ಲು ಹೊತ್ತವನು ನಾನು. ನನ್ನ ಹೆಸರು ಒಂದು ಕುದುರೆ ಸಂತಾನಕ್ಕೆ ಅಂಟಿಕೊಳ್ಳಲಿ ಎಂದು ಆಸೆಪಟ್ಟೆ. ಮಕ್ಕಳಿಲ್ಲದವನ ಆಸೆ ಎಂದು ನೀನು ಹೇಳಲಿಲ್ಲ. ಹೇಳಿದ್ದರೂ ತಪ್ಪಿರಲಿಲ್ಲ.

ನೀನು ಹೇಳಿದ್ದು ಬೇರೆ. "ಬೀಜದ ಕುದ್ರ ಮಡಿಕಳಕ ಬಯ್ಲಿರೋ ಲಾಯ ಬೇಕು, ಅದರ ಬುದ್ಧಿ ತಿಳ್ದಿರೋ ಆಳ್ ಬೇಕು. ಅಡ್ಗಮನ ಹಿಂದ್ಗಡ ಕಟ್ಟಾಕಂಡು ಅದ್ನೂ ಸಾಯಿಸ್ತೀರಿ, ನನ್ನೂ ಸಾಯಿಸ್ತೀರಿ. ಬೀಜ ತಗ್ಸಿ. ಬ್ಯಾರೆ ಕುದ್ರಗಳ ಜೊತ್ಗ ನೆಮ್ದಿಯಾಗ್ ಬದೀಕಳ್ಳಿ." ಸಾಕಿದವಳೇ ಹಾಗೆ ಹೇಳಿದಳಲ್ಲ ಎಂದು ನನಗೆ ಆಶ್ಚರ್ಯ. ಸಾಕಿದವಳಿಗೇ ಅದು ಗೊತ್ತಾಗುವುದು ಎಂಬುದು ಈಗ ಅರ್ಥವಾಗಿದೆ. ಆವತ್ತು ನಾನು, "ಹೆಂಗಸರಿಗೆ ವ್ಯವಹಾರ ತಿಳಿಯುವುದಿಲ್ಲ" ಎಂದೆ.

ಗೌರಿ ಹಬ್ಬವಾಗಿ ಹದಿನೈದು ದಿನಕ್ಕೆ ಗುಂಡ್ಲುಪೇಟೆಯ ಕರಿಬಸವಯ್ಯ ಇನ್ನಿಬ್ಬರು ಜಟಕಾದವರನ್ನು ಕರೆದುಕೊಂಡು ಕುದುರೆ ನೋಡಲು ಬಂದ. ಅವರು ಬೀದಿಯಲ್ಲಿ ನಿಂತಿದ್ದರು. ನೀನು ಕೂಸನ್ನು ಕರೆತಂದೆ. ಮುಂದೆ ನೀನು, ಹಿಂದೆ ಅದು. ಬೀದಿ ಬಾಗಿಲ ಹೊಸ್ತಿಲ ಹತ್ತಿರ ಕೂಸು ಎಗರಿತು, ನಿನ್ನ ಎಡಗೈ ಹಗ್ಗಕ್ಕೂ ಬಾಗಿಲುವಾಡಕ್ಕೂ ಮಧ್ಯೆ ಸಿಕ್ಕಿಕೊಂಡಿತು, ಮಣಿಕಟ್ಟು ಮುರಿಯಿತು. ಇದು ನಿನಗೆ ಗೊತ್ತಿರುವ ವಿಷಯ. ನಿಮ್ಮಣ್ಣನಿಗೆ ನಾನು ಹೇಳಿದ್ದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಜಾರಿ ಬಿದ್ದಳು ಎಂದು. ನೀನೂ ಹೌದು ಎಂದೆ. ಊರಿಗೆ ನಾನು ಹೇಳಿದ್ದು, ಹೆಂಗಸು ಮುದ್ದು ಮಾಡಿ ಕೆಡಿಸಿದ ಕುದುರೆ ಎಂದು. ಅದಕ್ಕೂ ನೀನು ಸುಮ್ಮನಿದ್ದೆ.

ಇಲ್ಲಿ ಕಟ್ಟಿಸಿದ ಮೂಳೆ ಕೂಡದೆ, ಹತ್ತು ದಿನದ ಮೇಲೆ ಮತ್ತೆ ಕಟ್ಟಿಸಲು ಹಂಗಳಕ್ಕೆ ಹೊರಟಾಗ ನೀನು ಹಿತ್ತಲಿಗೆ ಹೋಗಲಿಲ್ಲ. ಅದು ಕೂಗುತ್ತಿತ್ತು. "ನನ್ ಕೂಸೇ ನನ್ ಕೈ ಮುರೀತು. ಇನ್ ನಾ ಅದರ ಮೊಖ ನೋಡಕಿಲ್ಲ" ಎಂದೆ. ಸೆರಗನ್ನು ಮುಖಕ್ಕೆ ಒತ್ತಿಕೊಂಡು ನಿಮ್ಮಣ್ಣನ ಹಿಂದೆ ನಡೆದುಬಿಟ್ಟೆ. ಆ ಮಾತು ನಲವತ್ತಮೂರು ದಿನದಿಂದ ಈ ಮನೆಯಲ್ಲಿ ನನ್ನ ಜೊತೆಗಿದೆ. ಅದಕ್ಕೆ ಊಟ ಹಾಕಬೇಕಾಗಿಲ್ಲ ಅನ್ನುವುದೊಂದೇ ಸಮಾಧಾನ.

ಕರೆದುಕೊಂಡು ಹೋಗಲು ಯಾಕೆ ಬರಲಿಲ್ಲ ಎಂದು ನಿಮ್ಮಣ್ಣ ಕೇಳಿರುತ್ತಾರೆ. ಎರಡು ಸಲ ಬಸ್‌ ಸ್ಟಾಂಡಿನವರೆಗೆ ಹೋಗಿ ವಾಪಸು ಬಂದೆ. ಬೆಳಿಗ್ಗೆ ನೀರು, ಹನ್ನೊಂದಕ್ಕೆ ಹುಲ್ಲು, ಸಂಜೆ ಬೇಯಿಸಿದ ಹುರುಳಿ. ಬಿದಿರು ಗಳುವಿನ ತುದಿಯಿಂದ ಬಕೆಟ್ಟು ತಳ್ಳುತ್ತೇನೆ, ಅದೇ ಗಳುವಿನಿಂದ ಎಳೆದುಕೊಳ್ಳುತ್ತೇನೆ. ಮನೆ ಬಿಟ್ಟು ಅರ್ಧ ದಿನ ಇರುವ ಹಾಗಿಲ್ಲ. ಮೂರು ಜಟಕಾ ಮುದ್ದಯ್ಯನ ಪಾಲಾಗಿವೆ, ನಾನು ಒಂದು ಕುದುರೆಯ ಪಾಲಾಗಿದ್ದೇನೆ. ಕಟ್ಟಿಹಾಕಿರುವುದು ಅದನ್ನೋ ನನ್ನನ್ನೋ ಎಂದು ಬೀದಿಯವರಿಗೆ ಅನುಮಾನ ಬಂದಿದೆ. ಎದುರು ಮನೆ ಮಲ್ಲಾಜಮ್ಮ ಬಾಗಿಲಲ್ಲಿ ನಿಂತು, "ಏನಣ್ಣ, ಬಾಣಂತಿ ಇದ್ದಂಗ್ ಇದ್ದಿಯಲ್ಲ, ಹೊರಕ್ಕೇ ಬರಕಿಲ್ಲ" ಎಂದಳು.

ಅದು ನನಗೆ ಮೂರು ಸಲ ಕಚ್ಚಿದೆ. ಮುದ್ದಯ್ಯನಿಗೆ ಒಂದು ಸಲ. ಆವತ್ತು ಅವನು ಚಳಿ ಎಂದು ನನ್ನ ಹಳೇ ಕೋಟು ಹಾಕಿಕೊಂಡು ಲಾಯಕ್ಕೆ ಹೋಗಿದ್ದ. ಹೆಗಲು ಉಜ್ಜಿಕೊಳ್ಳುತ್ತ ಹೊರಗೆ ಬಂದು ನನ್ನನ್ನೇ ನೋಡಿದ. "ಸಾವ್ಕಾರ್ರೆ, ಅದು ಮುದ್ದಯ್ಯನ ಕಚ್ನಿಲ್ಲ. ನಿಮ್ ಕೋಟ ಕಚ್ಚುದ್ದು" ಎಂದ. ಆಮೇಲೆ ತಗ್ಗಿದ ದನಿಯಲ್ಲಿ, "ಅವ್ವನ ಕೈ ಮುರ್ದ ದಿಸ ನಾನೇ ಇದ್ರ ಮೈ ಉಜ್ಜುದ್ದು. ತೊಡ ಮ್ಯಾಲ ಬಾಸುಂಡ ಎದ್ದಿತ್ತು. ನಾ ಯಾರ್ಗೂ ಏಳ್ನಿಲ್ಲ" ಎಂದ. ಕೋಟನ್ನು ಮಡಿಸಿ ಜಗಲಿ ಮೇಲೆ ಇಟ್ಟು ಹೋದ. ಅವತ್ತಿನಿಂದ ಹಿತ್ತಲಿಗೆ ಬಂದಿಲ್ಲ.

ಶಾಂತಮಲ್ಲಿ, ಇಲ್ಲಿಯವರೆಗೆ ಬರೆಯಲು ಆರು ಲಗ್ನಪತ್ರಿಕೆ ಹಿಡಿಯಿತು. ಇನ್ನು ಸುತ್ತಿ ಬಳಸುವುದಿಲ್ಲ.

ಆವತ್ತು ನಾನು ಪಡಸಾಲೆಯ ಕತ್ತಲಲ್ಲಿ ಕೂಸಿನ ಹಿಂದೆ ಇದ್ದೆ. ಹೊರಗೆ ಕರಿಬಸವಯ್ಯ, "ಏನ್ ಶಿವಮಲ್ಲಪ್ನೋರೇ, ಬೀಜದ ಕುದ್ರ ಅಂದ್ರಿ. ಇದ್ ನೋಡುದ್ರ ಯಜಮಾನ್ತಿ ಸೆರಗ ಹಿಡ್ಕಂಡು ಹಾಲ್ ಕುಡ್ಯಕ ಬಂದಂಗದಲ್ಲ!" ಎಂದ. ಮೂವರೂ ನಕ್ಕರು. ಕೂಸು ಹೊಸ್ತಿಲ ಮುಂದೆ ನಿಂತಿತ್ತು, ನೀನು ಕಲಿಸಿದ ಹಾಗೆ, ನಿನ್ನ ಬಳೆಗೆ ಕಾಯುತ್ತ. ನಿನ್ನ ಕೈ ಇನ್ನೂ ಆಡಿರಲಿಲ್ಲ. ಗೋಡೆಗೆ ಚಾವಟಿ ನೇತುಹಾಕಿತ್ತು. ಅದು ಗಂಡು ಎಂದು ಅವರಿಗೆ ತೋರಿಸಬೇಕಾಗಿತ್ತು. ಚಾವಟಿ ತೆಗೆದು ಅದರ ತೊಡೆಗೆ ಬಾರಿಸಿದೆ. ಒಂದೇ ಏಟು. ಅದಕ್ಕೆ ಮುಂಚೆ ಅದರ ಮೈ ಮೇಲೆ ಚಾವಟಿ ಬಿದ್ದಿರಲಿಲ್ಲ. ಮುಂದೆ ನೀನಿದ್ದೆ, ಎರಡು ಪಕ್ಕ ಬಾಗಿಲುವಾಡ, ಹಿಂದೆ ನಾನು. ಪಾಪ, ಅದು ಎಲ್ಲಿಗೆ ಹೋಗಬೇಕಾಗಿತ್ತು?

ಕೂಸು ನಿನ್ನ ಕೈ ಮುರಿಯಲಿಲ್ಲ. ನಾನು ಮುರಿದೆ. ಚಾವಟಿಯನ್ನು ಪಡಸಾಲೆಯ ಪೆಟ್ಟಿಗೆ ಹಿಂದೆ ಹಾಕಿ ಹೊರಗೆ ಬಂದು, ಎಲ್ಲರಿಗಿಂತ ಮೊದಲು, "ಅಯ್ಯೋ ಕುದುರೆ ಬೆಚ್ಚಿತಲ್ಲ" ಎಂದವನೂ ನಾನೇ.

ಆಮೇಲಿನ ಒಂದು ಗಳಿಗೆ ನನಗೆ ಈಗಲೂ ನಿದ್ದೆ ಕೊಡುವುದಿಲ್ಲ. ಮಲ್ಲಾಜಮ್ಮ ಓಡಿ ಬಂದಳು. ಹಬ್ಬಕ್ಕೆ ತೊಟ್ಟ ಬಳೆ, ಎಡಗೈಯಲ್ಲಿದ್ದ ಆರೂ ಹೊಸ್ತಿಲ ಮೇಲೆ ಚೂರಾಗಿ ಬಿದ್ದಿದ್ದವು. "ಅಯ್ಯೋ ಶಿವನೇ, ಬಳ ಎಲ್ಲಾ ಒಡುದೋದೋ" ಎಂದಳು. ನಿನ್ನ ಕೈ ಜೋತುಬಿದ್ದಿತ್ತು, ಮುಖದಲ್ಲಿ ರಕ್ತವಿರಲಿಲ್ಲ. ಆ ನೋವಿನಲ್ಲೂ ನೀನು ಅವಳನ್ನು ತಿದ್ದಿದೆ. "ಒಡುದೋ ಅನ್ಬ್ಯಾಡಿ ಅಕ್ಕ. ಹೆಚ್ಚುದೋ ಅನ್ನಿ." ಮುತ್ತೈದೆ ಬಾಯಲ್ಲಿ ಬಳೆ ಒಡೆಯಬಾರದು, ಗಂಡನಿಗೆ ಕೇಡು. ಆ ಒಂದು ಮಾತಿನಿಂದ ನೀನು ನನ್ನ ಆಯುಸ್ಸು ಕಾಯುತ್ತಿದ್ದೆ. ನನ್ನ ಅಂಗೈಯಲ್ಲಿ ಚಾವಟಿ ಹಿಡಿಯ ಗುರುತು ಇನ್ನೂ ಕೆಂಪಗಿತ್ತು.

ಬೀಜ ತೆಗೆಸುವುದು ಸರಿಯೆಂದು ಮುದ್ದಯ್ಯನೂ ಹೇಳುತ್ತಾನೆ, ಡಾಕ್ಟರೂ ಹೇಳುತ್ತಾರೆ, ಎಲ್ಲರಿಗಿಂತ ಮುಂಚೆ ನೀನು ಹೇಳಿದೆ. ಅದು ಶಿಕ್ಷೆಯಾಗಿ ಆಗಬಾರದು ಅನ್ನುವುದಷ್ಟೇ ನನ್ನ ಮಾತು. ತಪ್ಪು ಅದರದಲ್ಲ ಎಂದು ತಿಳಿದವರು ಅದರ ತಲೆ ಹತ್ತಿರ ನಿಲ್ಲಬೇಕು. ನನಗೋಸ್ಕರ ಬಾ ಎಂದು ಕೇಳುವ ಮುಖ ನನಗಿಲ್ಲ. ಗುರುವಾರದೊಳಗೆ ಅದಕ್ಕೋಸ್ಕರ ಬಾ. ಕೆಲಸ ಮುಗಿದ ಮೇಲೆ ಹಂಗಳಕ್ಕೆ ವಾಪಸು ಹೋಗುವುದಾದರೆ ನಾನೇ ಬಸ್ಸು ಹತ್ತಿಸುತ್ತೇನೆ. ನಿಮ್ಮಣ್ಣನಿಗೆ ನಿಜವನ್ನು ನಾನೇ ಬಂದು ಹೇಳುತ್ತೇನೆ, ಅವರು ಓದಿ ಹೇಳುವಷ್ಟೇ ಗಟ್ಟಿಯಾಗಿ.

ಎತ್ತರದ ಜಾಗದಲ್ಲಿ ಕೂತು ಬಹಳ ಸಣ್ಣವನಾಗಿರುವ,
ಶಿವಮಲ್ಲಪ್ಪ

ಬರೆಯದೆ ಬಿಟ್ಟದ್ದು: ಲಗ್ನಪತ್ರಿಕೆ ಕಟ್ಟು ಎಲ್ಲಿರುತ್ತದೆ ಎಂದು ನಿನಗೆ ಗೊತ್ತು. ಹೌದು, ನಾನು ಅಟ್ಟದ ಮೇಲಿದ್ದೇನೆ, ಬೆಳಿಗ್ಗೆ ಏಳು ಗಂಟೆಯಿಂದ. ಏಣಿ ಕೆಳಗೆ ಬಿದ್ದಿದೆ. ಕೂಸು ನಡುಮನೆಯಲ್ಲಿ ನಿಂತಿದೆ. ನಿನ್ನನ್ನು ಕೇಳದೆಯೇ ಗುರುವಾರದ ಕೆಲಸ ಮುಗಿಸಿಬಿಡಬಹುದೇ, ಹಾಗಾದರೆ ಈ ಕಾಗದವೇ ಬೇಡ ಎಂದು ಯೋಚಿಸಿ, ಗೂಡಿನಲ್ಲಿದ್ದ ನಿನ್ನ ಹಳೇ ಹಸಿರು ಬಳೆ ಹನ್ನೆರಡನ್ನು ದಾರಕ್ಕೆ ಪೋಣಿಸಿ, ಲಾಯಕ್ಕೆ ಅಡ್ಡ ಹಾಕಿದ್ದ ಗಳು ತೆಗೆದು, ಅಡಿಗೆಮನೆಯಲ್ಲಿ ನಿಂತು ಆಡಿಸಿದೆ. ಬಂತು. ಮರಿಯಾಗಿದ್ದಾಗ ಬರುತ್ತಿದ್ದ ಹಾಗೆ ಓಡಿ ಬಂತು. ಬಂದು ನೋಡಿದರೆ ನಾನು. ಆಮೇಲೆ ನಾನು ಏಣಿ ಹತ್ತಿದ್ದು ನೆನಪಿದೆ, ಹೇಗೆ ಹತ್ತಿದೆ ಎನ್ನುವುದು ನೆನಪಿಲ್ಲ.

ಬೆಳಕಿಂಡಿಯಿಂದ ಮುದ್ದಯ್ಯನನ್ನು ಕೂಗಿ ಕರೆಸಿದೆ. ಕಿಟಕಿಯಲ್ಲಿ ಇಣುಕಿ ನೋಡಿ, "ಅವ್ವ ಬಂದೋಳ ಅನ್ಕಂಡು ನಿಂತದ ಸಾವ್ಕಾರ್ರೆ. ಈಗ ನಾ ಹಗ್ಗ ಹಿಡುದ್ರ ನನ್ನೂ ಬುಡಕಿಲ್ಲ. ನೀವು ಅಲ್ಲೇ ಇರಿ, ಗಾಳಿ ಚೆನ್ನಾಗದ" ಎಂದು ಹೋದ. ಬೀದಿ ಬಾಗಿಲು ತೆರೆಯಬೇಡಿ ಎಂದು ನಾನೇ ಎಲ್ಲರಿಗೂ ಕೂಗಿ ಹೇಳಿದ್ದೇನೆ. ಹೊರಗೆ ಜಟಕಾ ಕುದುರೆಗಳಿವೆ, ಕಲ್ಲು ಹೊಡೆಯುವ ಜನರಿದ್ದಾರೆ. ಈ ಕಾಗದವನ್ನು ಬೆಳಕಿಂಡಿಯಿಂದ ಎಸೆಯುತ್ತೇನೆ. ಮಲ್ಲಾಜಮ್ಮ ಗುಂಡ್ಲುಪೇಟೆ ಮೇಲೆ ಹಂಗಳಕ್ಕೆ ಹೋಗುವ ಮೂರು ಗಂಟೆಯ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಾಳೆ. ನಾಳೆ ಮೊದಲ ಬಸ್ಸಿಗೆ ಬಂದರೆ, ಹೊರಗಿನಿಂದ ಕಡ್ಡಿ ತೂರಿಸಿ ಚಿಲಕ ಎತ್ತುವುದು ನಿನಗೆ ಗೊತ್ತೇ ಇದೆ. ನನ್ನ ಹೆಸರು ಕೂಗಬೇಡ. ಅದರ ಹೆಸರು ಕೂಗು.

ಏಣಿ ಹತ್ತುವಾಗ ನಿನ್ನ ಹಸಿರು ಬಳೆಯಲ್ಲಿ ಐದು ಹೆಚ್ಚಿದವು ಎಂದು ಬರೆಯಲು ಹೊರಟಿದ್ದೆ. ಇಲ್ಲ. ಒಡೆದವು. ಆವತ್ತಿನ ಆರೂ ಒಡೆದೇ ಹೋದವು, ಒಡೆದವನು ನಾನು. ಹಾಗೆಂದು ಬರೆದದ್ದಕ್ಕೆ ನನ್ನ ಆಯುಸ್ಸು ಎಷ್ಟು ಕಡಿಮೆಯಾಗುತ್ತದೋ ಆಗಲಿ. ಉಳಿದ ಏಳು ನನ್ನ ಜೇಬಿನಲ್ಲಿವೆ. ಉಸಿರು ಸ್ವಲ್ಪ ಜೋರಾಗಿ ಬಿಟ್ಟರೂ ಸದ್ದಾಗುತ್ತದೆ. ಸದ್ದಾದಾಗಲೆಲ್ಲ ಕೂಸು ಕಿವಿ ನಿಮಿರಿಸಿ ತಲೆ ಎತ್ತುತ್ತದೆ. ನನ್ನ ಕಡೆಗಲ್ಲ, ಬೀದಿ ಬಾಗಿಲ ಕಡೆಗೆ.